ಎವಿಯಾನ್ ನೀರು ಎಲ್ಲಿಂದ ಬರುತ್ತೆ? ಬಾಟಲಿಯ ಹಿಂದಿರುವ ಊರಿನ ಕಥೆ

[ದೃಶ್ಯ: ಸೂಪರ್ ಮಾರ್ಕೆಟ್ ಶೆಲ್ಫ್. ಎವಿಯಾನ್ ಬಾಟಲಿಯ ಲೇಬಲ್ ಹತ್ತಿರದಿಂದ]

ನಮಸ್ಕಾರ. ದೊಡ್ಡ ಹೋಟೆಲಲ್ಲೋ ಏರ್‌ಪೋರ್ಟಲ್ಲೋ ಈ ಬಾಟಲಿ ನೋಡಿರ್ತೀರಿ. ಬೆಲೆ ನೋಡಿ ವಾಪಸ್ ಇಟ್ಟೂ ಇರ್ತೀರಿ. ಎವಿಯಾನ್ ಅನ್ನೋದು ಒಂದು ಊರು. ಪೂರ್ತಿ ಹೆಸರು ಎವಿಯಾನ್-ಲೆ-ಬ್ಯಾಂ. ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ಜಿನೀವಾ ಸರೋವರದ ದಕ್ಷಿಣ ದಡದಲ್ಲಿದೆ. ಇರೋದು ಸುಮಾರು 9,000 ಜನ. ಬೇಸಿಗೆ ಬಂತು ಅಂದ್ರೆ ದಡದ ತುಂಬಾ ಪ್ರವಾಸಿಗರು.

ಬಾಟಲಿಯಲ್ಲಿರೋ ನೀರು ಆ ಸರೋವರದ್ದೇ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಅಲ್ಲ, ಒಂದು ಹನಿಯೂ ಅಲ್ಲ. ಇವತ್ತು ದಡದಿಂದ ಶುರು ಮಾಡಿ ಮೇಲಕ್ಕೆ ಹತ್ತೋಣ. ಈ ನೀರನ್ನ ಯಾರು ಕಾಯ್ತಾರೆ ಅಂತ ಹತ್ತುತ್ತಾ ಗೊತ್ತಾಗುತ್ತೆ.

[ದೃಶ್ಯ: ಜೆಟ್ಟಿ. ಲೊಸಾನ್ ಕಡೆಗೆ ಹೊರಟ ದೋಣಿ]

ಈ ಸರೋವರಕ್ಕೆ ಫ್ರೆಂಚರು ಲೆಮಾನ್ ಅಂತಾರೆ. ಸುಮಾರು 580 ಚದರ ಕಿಲೋಮೀಟರ್ ವಿಸ್ತಾರ, 310 ಮೀಟರ್ ಆಳ. ಎದುರು ದಡದಲ್ಲಿ ಕಾಣೋದು ಸ್ವಿಟ್ಜರ್ಲೆಂಡಿನ ಲೊಸಾನ್. ದೋಣಿಯಲ್ಲಿ ಕೂತರೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಬೆಳಿಗ್ಗೆಯ ದೋಣಿಯಲ್ಲಿ ಪ್ರವಾಸಿಗರಿಗಿಂತ ಕೆಲಸಕ್ಕೆ ಹೋಗೋರೇ ಹೆಚ್ಚು. ಮನೆ ಈ ದಡದಲ್ಲಿ, ಆಫೀಸು ಆ ದಡದಲ್ಲಿ, ಸಂಬಳ ಸ್ವಿಸ್ ಫ್ರಾಂಕಿನಲ್ಲಿ.

ದಡದ ರಸ್ತೆಯಲ್ಲಿ ಎರಡು ಕಟ್ಟಡ ಎದ್ದು ಕಾಣ್ತವೆ. ಒಂದು ಈಗಿನ ಪುರಸಭೆ. ಅದು ಮೊದಲು ಆಂತ್ವಾನ್ ಲುಮಿಯೆರ್ ಅವರ ಬಂಗಲೆ ಆಗಿತ್ತು. ಸಿನಿಮಾ ತೋರಿಸೋ ಯಂತ್ರ ಮಾಡಿದ ಲುಮಿಯೆರ್ ಸಹೋದರರ ತಂದೆ ಅವರು. ಪಕ್ಕದ್ದು ಪಾಲೆ ಲುಮಿಯೆರ್. 1902ರಲ್ಲಿ ಸ್ನಾನಗೃಹವಾಗಿ ಕಟ್ಟಿದ್ದು, ಈಗ ಕಲಾಪ್ರದರ್ಶನ ನಡೆಯುತ್ತೆ.

[ದೃಶ್ಯ: ಕಾಶಾ ಚಿಲುಮೆ. ಖಾಲಿ ಬಾಟಲಿಗಳ ಚೀಲ ಹಿಡಿದು ನಿಂತ ಜನ]

ದಡ ಬಿಟ್ಟು ಒಂದೆರಡು ರಸ್ತೆ ಮೇಲಕ್ಕೆ ಬನ್ನಿ. ಗೋಡೆಯಲ್ಲಿ ಕೂರಿಸಿದ ನಲ್ಲಿ. ತಿರುಗಿಸೋದೂ ಬೇಡ, ನೀರು ಬೀಳ್ತಾನೇ ಇರುತ್ತೆ. ಊರಿನವರು ಮನೆಯಿಂದ ಬಾಟಲಿ ತಂದು ತುಂಬಿಸ್ಕೊಂಡು ಹೋಗ್ತಾರೆ. ಕಾಸು ಕೇಳೋರಿಲ್ಲ. ಇದೇ ಎವಿಯಾನ್ ನೀರು! ವರ್ಷವಿಡೀ 11.6 ಡಿಗ್ರಿ ತಂಪು. ಬೇಸಿಗೆಯ ಮಧ್ಯಾಹ್ನ ಕೈಯೊಡ್ಡಿದರೆ ಬೆರಳು ಜುಮ್ ಅನ್ನುತ್ತೆ.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಕಾಶಾ ಅನ್ನೋರ ತೋಟದಲ್ಲಿ ಈ ಚಿಲುಮೆ ಇತ್ತು. ಮೂತ್ರಪಿಂಡದ ಕಲ್ಲಿನಿಂದ ನರಳ್ತಿದ್ದ ಒಬ್ಬ ಶ್ರೀಮಂತರು ದಿನಾ ಈ ನೀರು ಕುಡಿದು ಗುಣವಾದ್ರು ಅಂತ ಊರಿನ ಕಥೆ. ಗುಣ ಆಗಿದ್ದು ನೀರಿನಿಂದಲೇನಾ ಅಂತ ಈಗ ಸಾಬೀತು ಮಾಡೋಕಾಗಲ್ಲ. ಆದರೆ ಸುದ್ದಿ ಹಬ್ಬಿತು, ಕಾಶಾ ನೀರು ಮಾರೋಕೆ ಶುರು ಮಾಡಿದ್ರು, ಡಾಕ್ಟರುಗಳು ಚೀಟಿ ಬರೆದು ಕಳಿಸೋಕೆ ಶುರು ಮಾಡಿದ್ರು. ಆಗ ಇದು ಫ್ರಾನ್ಸೇ ಅಲ್ಲ, ಸವಾಯ್ ಸೀಮೆ. ಫ್ರಾನ್ಸಿಗೆ ಕಾಯಂ ಆಗಿ ಸೇರಿದ್ದು 1860ರಲ್ಲಿ.

[ದೃಶ್ಯ: ಫ್ಯುನಿಕ್ಯುಲರ್ ರೈಲು, ಮರದ ಬೆಂಚುಗಳು]

ಶ್ರೀಮಂತರು ಬಂದ ಮೇಲೆ ಗುಡ್ಡದ ಮೇಲೆ ಹೋಟೆಲುಗಳು ಎದ್ದವು. ಅವರನ್ನ ಮೇಲೆ ಕೆಳಗೆ ಓಡಾಡಿಸೋಕೆ 1907ರಲ್ಲಿ ಹಗ್ಗದಿಂದ ಎಳೆಯೋ ಈ ಪುಟ್ಟ ರೈಲು, ಅಂದ್ರೆ ಫ್ಯುನಿಕ್ಯುಲರ್, ಬಂತು. 1969ರಲ್ಲಿ ನಿಂತುಹೋಯ್ತು. 2002ರಲ್ಲಿ ದುರಸ್ತಿ ಮಾಡಿ ಮತ್ತೆ ಓಡಿಸಿದ್ರು. ಟಿಕೆಟ್ ಇಲ್ಲ, ಉಚಿತ.

[ದೃಶ್ಯ: ಹೋಟೆಲ್ ರಾಯಲ್. ನಂತರ 1938ರ ಕಪ್ಪು-ಬಿಳುಪು ಚಿತ್ರಗಳು]

ಇದು 1909ರ ಹೋಟೆಲ್ ರಾಯಲ್. ಹೆಚ್ಚಿನ ಪ್ರವಾಸ ವಿಡಿಯೋಗಳು ಇದರ ಚೆಂದ ತೋರಿಸಿ ಮುಂದೆ ಹೋಗ್ತವೆ. ನಾವು ಸ್ವಲ್ಪ ನಿಲ್ಲೋಣ. 1938ರ ಜುಲೈ 6ರಿಂದ 15ರವರೆಗೆ, ಕೆಳಗೆ ದಡದಲ್ಲಿ ಬೇಸಿಗೆ ರಜೆಯ ಸಂಭ್ರಮ ನಡೀತಿರುವಾಗ, ಇಲ್ಲಿ 32 ದೇಶಗಳ ಪ್ರತಿನಿಧಿಗಳು ಸೇರಿದ್ರು. ಕರೆದಿದ್ದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್. ಹಿಟ್ಲರನ ಜರ್ಮನಿ, ಆಸ್ಟ್ರಿಯಾದಿಂದ ಓಡಿಬರ್ತಿರೋ ಯಹೂದಿಗಳಿಗೆ ಯಾರು ಜಾಗ ಕೊಡ್ತೀರಿ ಅನ್ನೋದು ಪ್ರಶ್ನೆ. ಒಬ್ಬೊಬ್ಬರೇ ಎದ್ದು ಅಯ್ಯೋ ಪಾಪ ಅಂದ್ರು, ನಮ್ಮಲ್ಲಿ ಜಾಗ ಇಲ್ಲ ಅಂದ್ರು. ದೊಡ್ಡ ಸಂಖ್ಯೆಯಲ್ಲಿ ಸೇರಿಸ್ಕೊಳ್ತೀವಿ ಅಂದಿದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ ಮಾತ್ರ. ಮುಂದೆ ಇಸ್ರೇಲಿನ ಪ್ರಧಾನಿಯಾದ ಗೋಲ್ಡಾ ಮೆಯಿರ್ ಅಲ್ಲಿದ್ರು. ಅವರು ವೀಕ್ಷಕಿ ಅಷ್ಟೇ, ಮಾತಾಡೋ ಅವಕಾಶ ಇರಲಿಲ್ಲ. ಇಂಥ ಜಾಗದಲ್ಲಿ ನಿಂತು ಸರೋವರ ಎಷ್ಟು ಚೆಂದ ಅಂತ ಮಾತ್ರ ಹೇಳಿ ಬರೋದು ನನಗೆ ಸರಿ ಅನಿಸಲ್ಲ.

ಇದೇ ಊರಲ್ಲಿ 1962ರ ಮಾರ್ಚ್ 18ರಂದು ಅಲ್ಜೀರಿಯಾ ಯುದ್ಧ, ಅಂದ್ರೆ ಫ್ರಾನ್ಸಿನಿಂದ ಸ್ವಾತಂತ್ರ್ಯಕ್ಕೆ ಅಲ್ಜೀರಿಯಾ ನಡೆಸಿದ ಹೋರಾಟ, ಮುಗಿಸೋ ಒಪ್ಪಂದಕ್ಕೆ ಸಹಿ ಬಿತ್ತು. ಅಲ್ಜೀರಿಯಾದ ನಿಯೋಗ ತಂಗಿದ್ದು ಸ್ವಿಟ್ಜರ್ಲೆಂಡಿನ ಕಡೆ, ಮಾತುಕತೆಗೆ ಮಾತ್ರ ಈಚೆಗೆ ಬರ್ತಿದ್ರು. ಇದಕ್ಕೆ ಊರು ಬೆಲೆ ತೆತ್ತಿದೆ: ಮಾತುಕತೆಗೆ ಆತಿಥ್ಯ ವಹಿಸೋಕೆ ಒಪ್ಪಿದ್ದ ಮೇಯರ್ ಕಮೀಲ್ ಬ್ಲಾಂ ಅವರು, ಮಾತುಕತೆ ಶುರುವಾಗೋ ಮೊದಲೇ, 1961ರ ಮಾರ್ಚ್ 31ರಂದು ಬಾಂಬಿಗೆ ಬಲಿಯಾದರು.

[ದೃಶ್ಯ: ಗಾಲ್ಫ್ ಮೈದಾನ, ಕೆಲವೇ ಸೆಕೆಂಡು]

ಹತ್ತಿರದಲ್ಲೇ ಗಾಲ್ಫ್ ಮೈದಾನ. ಜುಲೈನಲ್ಲಿ ನಡೆಯೋ ಮಹಿಳೆಯರ ಎವಿಯಾನ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೂಡ ಆಡಿದ್ದಾರೆ.

[ದೃಶ್ಯ: ಗಾವೋ ಪ್ರಸ್ಥಭೂಮಿ. ಹುಲ್ಲುಗಾವಲು, ಹಸುಗಳು, ಹಿಂದೆ ಆಲ್ಪ್ಸ್]

ಈಗ ಬಂದ್ವಿ ನೋಡಿ, ಇವತ್ತಿನ ಮುಖ್ಯ ಜಾಗಕ್ಕೆ. ಊರಿನ ಬೆನ್ನಿಗಿರೋ ಗಾವೋ ಪ್ರಸ್ಥಭೂಮಿ. ಇಲ್ಲಿ ಸುಮಾರು 35 ಚದರ ಕಿಲೋಮೀಟರ್ ಜಾಗದಲ್ಲಿ ಬೀಳೋ ಮಳೆ, ಕರಗೋ ಹಿಮ ನೆಲಕ್ಕೆ ಇಂಗುತ್ತೆ. ಹಿಂದೆ ಹಿಮನದಿಗಳು ಬಿಟ್ಟುಹೋದ ಮರಳಿನ ಪದರ ಒಳಗಿದೆ, ಅದರ ಮೇಲೂ ಕೆಳಗೂ ಜೇಡಿಮಣ್ಣು. ಆ ಮರಳಿನ ನಡುವೆ ನೀರು ನಿಧಾನಕ್ಕೆ ಜಿನುಗ್ತಾ ಊರಿನ ಚಿಲುಮೆ ತಲುಪೋಕೆ ಹದಿನೈದು ವರ್ಷಕ್ಕಿಂತ ಹೆಚ್ಚು ಬೇಕು. ದಾರಿಯಲ್ಲೇ ಅದಕ್ಕೆ ಖನಿಜಾಂಶ ಸೇರುತ್ತೆ.

ಯುರೋಪಿನ ಕಾನೂನು ಪ್ರಕಾರ ನೈಸರ್ಗಿಕ ಮಿನರಲ್ ವಾಟರ್ ಅಂತ ಮಾರಬೇಕಾದ್ರೆ ಕ್ಲೋರಿನ್ ಹಾಕಿ ಶುದ್ಧ ಮಾಡೋ ಹಾಗಿಲ್ಲ. ಭೂಮಿಯಿಂದ ಬರುವಾಗಲೇ ಶುದ್ಧ ಇರಬೇಕು. ಮೇಲೆ ಇರೋದು ಹಳ್ಳಿಗಳು, ಹೈನುಗಾರಿಕೆ. ಅಬೊಂಡಾನ್ಸ್, ರೆಬ್ಲೊಶೋನ್ ಅನ್ನೋ ಹೆಸರಾಂತ ಚೀಸ್‌ಗಳಿಗೆ ಹಾಲು ಹೋಗೋದು ಈ ಸೀಮೆಯಿಂದ. ಮೇಲಿನ ಕೊಟ್ಟಿಗೆಯ ಗಲೀಜು ಕೆಳಗಿನ ನೀರಿಗೆ ಇಳಿಯುತ್ತೆ ಅನ್ನೋದನ್ನ ಬಾವಿ ಇರೋ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾದ್ರೆ ರೈತರನ್ನ ಎಬ್ಬಿಸಬೇಕಾ? ಇಲ್ಲಿ ಹಾಗೆ ಮಾಡಲಿಲ್ಲ. 1992ರಲ್ಲಿ ನೀರು ಇಂಗೋ ಹಳ್ಳಿಗಳು, ನೀರು ಹೊಮ್ಮೋ ಊರುಗಳು ಮತ್ತು ಬಾಟಲಿ ಕಂಪನಿ ಸೇರಿ ಒಂದು ಸಂಘ ಕಟ್ಟಿದವು. ಕಂಪನಿ ದುಡ್ಡು ಹಾಕುತ್ತೆ. ಗೊಬ್ಬರ ಹಾಕೋ ರೀತಿ ಸುಧಾರಿಸೋಕೆ, ಜೌಗು ಭೂಮಿ ಉಳಿಸೋಕೆ ಅದು ಖರ್ಚಾಗುತ್ತೆ. ಆಮೇಲೆ ಒಂದು ಗೋಬರ್ ಗ್ಯಾಸ್ ಸ್ಥಾವರವೂ ಬಂತು. ಸಗಣಿಯಿಂದ ಗ್ಯಾಸ್ ತೆಗೆದು, ಉಳಿದಿದ್ದನ್ನ ಗೊಬ್ಬರವಾಗಿ ರೈತರಿಗೇ ವಾಪಸ್ ಕೊಡ್ತಾರೆ. ಕಂಪನಿಗೆ ಇದರಲ್ಲಿ ಲಾಭ ಇದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಪ್ರಪಂಚದ ಇನ್ನೊಂದು ಮೂಲೆಗೆ ಸಾಗಿಸೋದರ ಬಗ್ಗೆ ನನಗೆ ತಕರಾರೂ ಇದೆ. ಆದರೆ ಹಸುಗಳನ್ನ ಅಲ್ಲೇ ಬಿಟ್ಟು, ನೀರು ಮಾರೋರು ನೀರು ಇಂಗಿಸೋರಿಗೆ ದುಡ್ಡು ಕೊಡೋ ಈ ಏರ್ಪಾಡನ್ನ ನಾನು ಮನಸಾರೆ ಮೆಚ್ಚುತ್ತೀನಿ.

[ದೃಶ್ಯ: ಭೂಪಟ. ಜಿನೀವಾದಿಂದ ಎವಿಯಾನ್‌ಗೆ ಗೆರೆ]

ಹೋಗೋರಿಗೆ: ಜಿನೀವಾದಿಂದ ನೇರ ರೈಲಿದೆ, ಲೊಸಾನ್‌ನಿಂದ ದೋಣಿ ಇದೆ. ಎರಡೂ ದಡಕ್ಕೆ ಒಂದೇ ಷೆಂಗೆನ್ ವೀಸಾ ಸಾಕು, ಆದರೆ ಈಚೆ ಯೂರೋ, ಆಚೆ ಫ್ರಾಂಕ್. ಫ್ಯುನಿಕ್ಯುಲರ್ ಚಳಿಗಾಲದಲ್ಲಿ ಓಡಲ್ಲ. ಗಾವೋಗೆ ಅದು ಅರ್ಧ ದಾರಿಯೂ ಮುಟ್ಟಿಸಲ್ಲ, ಹಾಗಾಗಿ ಮುಂದಕ್ಕೆ ಬೇರೆ ವಾಹನ ನೋಡ್ಕೊಳ್ಳಿ, ಅರ್ಧ ದಿನವಾದ್ರೂ ಇಟ್ಕೊಳ್ಳಿ.