ಬೇಸರ ವಾರ್ಡಿನದೋ, ಡ್ಯೂಟಿಯದೋ?

ನಮಸ್ಕಾರ. ನೈಟ್ ಡ್ಯೂಟಿ ಮುಗಿಸಿ ನೇರವಾಗಿ ಮುಂಬಯಿಯ ಈ ಮಾಟುಂಗಕ್ಕೆ ಬಂದ ನರ್ಸ್‌ಗಳೂ ಇಲ್ಲಿದ್ದಾರೆ, ಕಣ್ಣು ನೋಡಿದರೇ ಗೊತ್ತಾಗುತ್ತದೆ. ಹಾಗಾಗಿ ಪೀಠಿಕೆ ಬೇಡ.

ಉಡುಪಿ, ವಿಜಯಪುರ, ಕಲಬುರಗಿ ಕಡೆಯಿಂದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಮುಂಬಯಿಗೋ ಪುಣೆಗೋ ಬಂದವರು ವರ್ಷ ತುಂಬುವ ಮೊದಲೇ ಕೇಳುವ ಪ್ರಶ್ನೆ ಇದು: ಮೆಡಿಕಲ್ ವಾರ್ಡ್ ಬಿಟ್ಟು ಐಸಿಯುಗೆ ಹೋಗಲಾ? ಐಸಿಯು ಸಾಕಾಯಿತು, ಓಟಿ (ಆಪರೇಷನ್ ಥಿಯೇಟರ್) ಕೇಳಲಾ? ಇದಕ್ಕೆ ಉತ್ತರ ಹೇಳುವ ಮೊದಲು ಬೇಸರ ಯಾವುದರ ಮೇಲೆ ಎಂದು ತಿಳಿಯಬೇಕು. ಅದನ್ನು ತಿಳಿಯಲು ಒಂದು ಚಿಕ್ಕ ನೋಟ್‌ಬುಕ್ ಸಾಕು. ನಾಲ್ಕು ವಾರ, ಪ್ರತಿ ಡ್ಯೂಟಿ ಮುಗಿದ ಮೇಲೆ ಎರಡೇ ಸಾಲು. ಇವತ್ತು ಸುಸ್ತು ಮಾಡಿದ್ದು ಏನು? ಬೇರೆ ವಿಭಾಗಕ್ಕೆ ಹೋದರೆ ಅದು ಹಿಂದೆಯೇ ಬರುತ್ತದೋ, ಇಲ್ಲಿಯೇ ಉಳಿಯುತ್ತದೋ?

ಸಾಲಾಗಿ ಐದು ನೈಟ್, ಸ್ಟಾಫ್ ಕಡಿಮೆ, ಇನ್‌ಚಾರ್ಜ್ ಸಿಸ್ಟರ್ ಮಾತು, ಡೊಂಬಿವಲಿಯಿಂದ ನಿಂತೇ ಬರುವ ಲೋಕಲ್ ರೈಲು. ಇವೆಲ್ಲ ಡ್ಯೂಟಿಯ ತಾಪತ್ರಯ. ಐಸಿಯುಗೆ ಹೋದರೂ ಲೋಕಲ್ ಅದೇ, ನೈಟ್ ಅದೇ. ಆದರೆ ‘ಅಲಾರಂ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ’, ‘ಮಾತಾಡಲಾಗದ ರೋಗಿಯ ಜೊತೆ ಹನ್ನೆರಡು ಗಂಟೆ ಕಳೆಯುವುದು ನನ್ನಿಂದಾಗದು’ ಎಂಬ ಸಾಲುಗಳೇ ಹೆಚ್ಚಿದ್ದರೆ ಅದು ವಿಭಾಗದ ವಿಷಯ. ಮೊದಲನೆಯ ಬಗೆಯವು ಹೆಚ್ಚಿದ್ದರೆ ಬದಲಿಸಬೇಕಾದದ್ದು ರೋಸ್ಟರ್, ಮನೆ ಅಥವಾ ಆಸ್ಪತ್ರೆ.

ಸಮಯದ ಲೆಕ್ಕವೂ ಇದೆ. ಅಮೆರಿಕದ ಪೆಟ್ರೀಶಿಯಾ ಬೆನ್ನರ್ 1984ರಲ್ಲಿ ನರ್ಸ್ ಪಳಗುವ ಐದು ಹಂತಗಳನ್ನು ವಿವರಿಸಿದರು. ಮೂರನೆಯದಕ್ಕೆ, ಅಂದರೆ ಪಾಳಿಯ ಕೆಲಸವನ್ನೆಲ್ಲ ತಾನೇ ಯೋಜಿಸಿ ನಿಭಾಯಿಸುವ ಹಂತಕ್ಕೆ, ಒಂದೇ ಬಗೆಯ ಜಾಗದಲ್ಲಿ ಎರಡು ಮೂರು ವರ್ಷ ಬೇಕು ಎಂದರು. ಅಪರಿಚಿತ ವಿಭಾಗಕ್ಕೆ ಹೋದ ಹಳಬರೂ ಮತ್ತೆ ಹೊಸಬರೇ ಎಂದೂ ಹೇಳಿದರು. ಮೊದಲ ಆರು ತಿಂಗಳಲ್ಲಿ ಹುಟ್ಟುವ ‘ಬಿಟ್ಟುಬಿಡೋಣ’ ಎಂಬ ಆಸೆಯನ್ನು ನಂಬಬೇಡಿ. ಆ ಹೊತ್ತಿಗೆ ಯಾವ ವಿಭಾಗವೂ ಹಿಡಿತಕ್ಕೆ ಸಿಕ್ಕಿರುವುದಿಲ್ಲ. ಹನ್ನೆರಡರಿಂದ ಹದಿನೆಂಟು ತಿಂಗಳ ನಂತರವೂ ನೋಟ್‌ಬುಕ್ ಅದೇ ಹೇಳುತ್ತಿದ್ದರೆ ತಡಮಾಡಬೇಡಿ. ಐದು ವರ್ಷ ಆದಮೇಲೆ ಬದಲಿಸಿದರೆ ಸಂಬಳ, ಹಿರಿತನ ಎರಡೂ ಕಾಲು ಹಿಡಿದು ಎಳೆಯುತ್ತವೆ.

ಇನ್ನು ವಿಭಾಗಗಳು. ಹೊರಗಿನಿಂದ ಕಾಣುವ ಐಸಿಯು ಬೇರೆ, ಒಳಗಿನದು ಬೇರೆ. ಬಿ.ಪಿ. ಬೀಳದಂತೆ ಹಿಡಿಯುವ ನಾರ್‌ಅಡ್ರಿನಲಿನ್ 4 ಮಿ.ಗ್ರಾಂ. ಹಾಕಿ 50 ಮಿ.ಲೀ. ಸಿರಿಂಜ್ ಮಾಡಿದ್ದೀರಿ ಎನ್ನಿ. ಒಂದು ಮಿ.ಲೀ.ಯಲ್ಲಿ 80 ಮೈಕ್ರೋಗ್ರಾಂ. ರೋಗಿ 60 ಕೆ.ಜಿ., ಡೋಸ್ ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೋಗ್ರಾಂ. ನಿಮಿಷಕ್ಕೆ 6, ಗಂಟೆಗೆ 360, ಪಂಪಿನಲ್ಲಿ ಗಂಟೆಗೆ 4.5 ಮಿ.ಲೀ. ಇದು ಸುಲಭದ ಭಾಗ. ತಪ್ಪಾಗುವುದು ಸಿರಿಂಜ್ ಬದಲಿಸುವಾಗ. ಈ ಔಷಧದ ಪ್ರಭಾವ ಒಂದೆರಡು ನಿಮಿಷಕ್ಕೇ ಇಳಿಯುತ್ತದೆ. ಪಂಪ್ ಕೂಗಿದ ಮೇಲೆ ಹೊಸ ಸಿರಿಂಜ್ ತುಂಬಲು ಹೊರಟರೆ ಅಷ್ಟರಲ್ಲಿ ಬಿ.ಪಿ. ಪಾತಾಳಕ್ಕೆ. ಹಾಗಾಗಿ ಮುಂದಿನದು ಲೇಬಲ್ ಸಮೇತ ಮೊದಲೇ ಸಿದ್ಧವಿರಬೇಕು. ಹೀಗೆ ಒಂದು ಹೆಜ್ಜೆ ಮುಂದೆ ಯೋಚಿಸುವುದು ಇಷ್ಟವಾದರೆ ಐಸಿಯು ನಿಮ್ಮದು. ‘ಐಸಿಯುನಲ್ಲಿ ಒಬ್ಬರೋ ಇಬ್ಬರೋ ರೋಗಿಗಳು, ಆರಾಮ’ ಎಂದು ಹೋಗುವವರು ಮೂರು ತಿಂಗಳಲ್ಲಿ ವಾಪಸ್ ಬರುತ್ತಾರೆ.

ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ಐಸಿಯುನಲ್ಲಿ, ಭಯ ದಶಮಾಂಶದ್ದು. ಒಂದೂವರೆ ಕೆ.ಜಿ. ಕೂಸಿಗೆ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ 7.5 ಮಿ.ಗ್ರಾಂ. ಬರೆದಿದ್ದಾರೆ. 80 ಮಿ.ಗ್ರಾಂ.ನ 2 ಮಿ.ಲೀ. ವಯಲ್‌ನಿಂದ ನೇರವಾಗಿ ಎಳೆದರೆ 0.19 ಮಿ.ಲೀ. ಅಷ್ಟು ಕಡಿಮೆಯಲ್ಲಿ ಕಣ್ಣು ಒಂದು ಗೆರೆ ತಪ್ಪಿದರೂ ಡೋಸ್ ಕೆಟ್ಟಿತು. ಒಂದು ಮಿ.ಲೀ. ತೆಗೆದು ಮೂರು ಮಿ.ಲೀ. ನಾರ್ಮಲ್ ಸಲೈನ್ ಬೆರೆಸಿದರೆ ಮಿ.ಲೀ.ಗೆ 10 ಮಿ.ಗ್ರಾಂ. ಆಗ ಕೊಡಬೇಕಾದದ್ದು 0.75 ಮಿ.ಲೀ., ಕಣ್ಣಿಗೆ ಕಾಣುವ ಅಳತೆ. ಪ್ರತಿ ಸಲ ಇನ್ನೊಬ್ಬ ಸಿಸ್ಟರ್ ಲೆಕ್ಕ ನೋಡಿ ಸಹಿ ಹಾಕಬೇಕು. ‘ಮಕ್ಕಳೆಂದರೆ ಇಷ್ಟ’ ಎಂಬುದಕ್ಕಿಂತ, ಈ ತಾಳ್ಮೆ ದಿನಕ್ಕೆ ಮೂವತ್ತು ಸಲ ಇರುತ್ತದೆಯೇ ಎಂದು ಕೇಳಿಕೊಳ್ಳಿ.

ಓಟಿಯ ವಿಷಯ ಚುಟುಕಾಗಿ: ಶುರುವಿಗೆ ಮೊದಲು ಎಣಿಕೆ, ಹೊಟ್ಟೆ ಮುಚ್ಚುವ ಮೊದಲು ಎಣಿಕೆ, ಚರ್ಮ ಹೊಲಿಯುವಾಗ ಮತ್ತೆ ಎಣಿಕೆ. ರಕ್ತ ಒರೆಸುವ ಬಟ್ಟೆ, ಅಂದರೆ ಮಾಪ್, ಒಂದು ಕಡಿಮೆ ಬಂದರೆ ಎಷ್ಟೇ ದೊಡ್ಡ ಸರ್ಜನ್ ಆಗಲಿ, ‘ನಿಲ್ಲಿಸಿ ಸರ್’ ಎನ್ನುವ ಗಂಟಲು ಬೇಕು.

ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾತ್ ಲ್ಯಾಬ್ ಕೇಳುವವರು ಮೊದಲು ಬಾಡಿಗೆ ಮನೆ ಎಲ್ಲಿದೆ ನೋಡಿ. ಹೃದಯಾಘಾತದ ರೋಗಿ ಬಂದ ತೊಂಬತ್ತು ನಿಮಿಷದೊಳಗೆ ಮುಚ್ಚಿದ ರಕ್ತನಾಳ ತೆರೆಯಬೇಕೆಂಬುದು ಗುರಿ. ಕಾಲ್ ಬಂದರೆ ಅರ್ಧ ಗಂಟೆಯಲ್ಲಿ ಟೇಬಲ್ ಪಕ್ಕ ಇರಬೇಕು. ರಾತ್ರಿ ಎರಡಕ್ಕೆ ಲೋಕಲ್ ಇಲ್ಲ. ದೂರದ ವಿರಾರ್, ಬದಲಾಪುರದಲ್ಲಿ ಇರುವವರಿಗೆ ಆನ್‌ಕಾಲ್ ಅಂದರೆ ಆಸ್ಪತ್ರೆಯಲ್ಲೇ ಮಲಗುವುದು. ಅದರ ಮೇಲೆ ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಭಾರ, ಮೈಗೆ ಬಿದ್ದ ವಿಕಿರಣ ಅಳೆಯುವ, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುವ ಟಿಎಲ್‌ಡಿ ಬ್ಯಾಡ್ಜ್. ಮಗುವಿನ ಯೋಚನೆ ಇರುವವರು ಗರ್ಭಿಣಿಯಾದರೆ ಎಲ್ಲಿಗೆ ಹಾಕುತ್ತಾರೆಂದು ಮೊದಲೇ ಕೇಳಿ. ಸಂಕೋಚ ಬೇಡ.

ನಮ್ಮವರಿಗೆಂದೇ ಇರುವ ಇನ್ನೊಂದು ಲೆಕ್ಕ ಮರಾಠಿ. ಓಟಿಯಲ್ಲಿ ರೋಗಿ ಮಲಗಿರುತ್ತಾನೆ, ಅರೆಬರೆ ಮರಾಠಿ ನಡೆಯುತ್ತದೆ. ಕ್ಯಾಶುಯಲ್ಟಿಯಲ್ಲಿ ನಡೆಯದು. ಅಜ್ಜಿ ‘ಘಾಬರಲ್ಯಾಸಾರಖಂ ಹೋತಂಯ್’ ಎಂದರೆ ನಮ್ಮ ಕಿವಿಗೆ ಬರೀ ‘ಗಾಬರಿ’ ಕೇಳಿಸುತ್ತದೆ, ‘ಏನೂ ಆಗಲ್ಲ’ ಎಂದು ಸಮಾಧಾನ ಹೇಳಿ ಮುಂದೆ ಹೋಗುತ್ತೇವೆ. ಆ ಮಾತಿನಲ್ಲಿ ಮೈಗೆ ಆಗುತ್ತಿರುವ ಸಂಕಟವೂ ಇರಬಹುದು. ಬಿ.ಪಿ., ಶುಗರ್, ಇಸಿಜಿ ನೋಡಲೇಬೇಕು. ಹೆರಿಗೆ ಕೋಣೆಯಲ್ಲಿ ‘ಕಳಾ’ ಅಂದರೆ ನೋವು ಬಂತು ಎಂದು. ಮನೋರೋಗ ವಿಭಾಗದಲ್ಲಂತೂ ಮಾತೇ ಉಪಕರಣ. ಅಲ್ಲಿಗೆ ಹೋಗುವ ಮನಸ್ಸಿದ್ದರೆ ಆರು ತಿಂಗಳು ಮರಾಠಿ ಕಲಿತು ಹೋಗಿ. ಗೋವಾದಲ್ಲಾದರೆ ಕೊಂಕಣಿ, ಕರಾವಳಿಯವರಿಗೆ ಅಲ್ಲಿ ಸ್ವಲ್ಪ ಅನುಕೂಲ.

ಹೋಗುವುದೆಂದು ನಿರ್ಧರಿಸಿದರೆ ಆಸ್ಪತ್ರೆ ಮತ್ತು ವಿಭಾಗ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಫಾರ್ಮಸಿ ಎಲ್ಲಿ, ತುರ್ತು ಔಷಧ, ಉಪಕರಣಗಳ ಕ್ರ್ಯಾಶ್ ಕಾರ್ಟ್ ಎಲ್ಲಿ, ರಾತ್ರಿ ಯಾವ ಡಾಕ್ಟರಿಗೆ ಫೋನ್ ಮಾಡಬೇಕು ಎಂದು ಗೊತ್ತಿರುವ ಕಡೆ ಹೊಸ ಕೆಲಸ ಕಲಿಯುವುದು ಅರ್ಧ ಸುಲಭ. ಮೇಟ್ರನ್‌ಗೆ ಲಿಖಿತ ಅರ್ಜಿ ಕೊಡಿ, ಅದಕ್ಕೂ ಮೊದಲು ಆ ವಿಭಾಗದಲ್ಲಿ ಎರಡು ಪಾಳಿ ನಿಂತು ನೋಡಲು ಅನುಮತಿ ಕೇಳಿ. ಒಂದು ಹಗಲು, ಒಂದು ರಾತ್ರಿ. ಹಗಲಿನ ಐಸಿಯು ನೋಡಿ ಒಪ್ಪಿದವರು ರಾತ್ರಿಯದನ್ನು ನೋಡಿರುವುದಿಲ್ಲ.

ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳೂ ಇವೆ: ಕ್ರಿಟಿಕಲ್ ಕೇರ್, ನಿಯೋನೇಟಲ್ (ನವಜಾತ ಶಿಶು), ಓಟಿ, ಆಂಕಾಲಜಿ (ಕ್ಯಾನ್ಸರ್). ಆಂಕಾಲಜಿಗೆ ಪರೇಲ್‌ನ ಟಾಟಾ ಮೆಮೋರಿಯಲ್ ಇಲ್ಲೇ ಕೈಗೆಟಕುವಷ್ಟು ಹತ್ತಿರ. ಬಿಎಸ್ಸಿ ನಂತರ ಎಂಎಸ್ಸಿಗೆ ಒಂದು ವರ್ಷದ ಅನುಭವ ಕೇಳುತ್ತಾರೆ. ವಿಭಾಗದಲ್ಲಿ ಕೆಲಸ ಮಾಡದೆ ಎಂಎಸ್ಸಿ ವಿಷಯ ಆರಿಸುವುದು ಹೆಣ್ಣು ನೋಡದೆ ತಾಂಬೂಲ ಬದಲಿಸಿದ ಹಾಗೆ. ಕರ್ನಾಟಕದ ನೋಂದಣಿ ಇಟ್ಟುಕೊಂಡೇ ಇಲ್ಲಿ ಓಡಾಡುತ್ತಿರುವವರು ಅಲ್ಲಿನ ಕೌನ್ಸಿಲ್‌ನಿಂದ ಎನ್‌ಒಸಿ ತಂದು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಕೋರ್ಸ್ ಅರ್ಜಿಯ ಕೊನೇ ವಾರದಲ್ಲಿ ಆ ಕಾಗದಕ್ಕಾಗಿ ಬೆಂಗಳೂರಿಗೆ ಓಡುವುದು ಬೇಡ.

ಗಲ್ಫ್ ಕನಸಿದ್ದವರು ಎಕ್ಸ್‌ಪೀರಿಯೆನ್ಸ್ ಲೆಟರ್ ಓದಿ ನೋಡಿ. ಬರೀ ‘ಸ್ಟಾಫ್ ನರ್ಸ್, ಮೂರು ವರ್ಷ’ ಎಂದಿದ್ದರೆ ಸಾಲದು. ಯಾವ ವಿಭಾಗ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಬೇರೆಬೇರೆ ಸಾಲಿನಲ್ಲಿ ಬರೆಸಿ. ಗಲ್ಫ್‌ಗೆ ಹೋಗುವವರ ದಾಖಲೆ ಪರಿಶೀಲಿಸುವ ಡೇಟಾಫ್ಲೋ ಕಂಪನಿಯವರು ಅದನ್ನು ಆಸ್ಪತ್ರೆಗೇ ಕಳಿಸಿ ತಾಳೆ ನೋಡುತ್ತಾರೆ. ಎಂಟೆಂಟು ತಿಂಗಳ ಮೂರು ವಿಭಾಗಗಳಿಗಿಂತ ಒಂದೇ ಕಡೆಯ ಎರಡು ವರ್ಷಕ್ಕೆ ಅಲ್ಲಿ ಬೆಲೆ. ಒರಿಜಿನಲ್ ಸರ್ಟಿಫಿಕೇಟ್ ಮಾತ್ರ ಯಾರ ಕೈಗೂ ಬಿಟ್ಟುಕೊಡಬೇಡಿ, ಝೆರಾಕ್ಸ್ ಕೊಟ್ಟು ಮೂಲ ತೋರಿಸಿ ವಾಪಸ್ ತನ್ನಿ.

ಕೊನೆಗೆ, ಹೊಸ ವಿಭಾಗದ ಇನ್‌ಚಾರ್ಜ್‌ಗೆ ಮೂರು ಪ್ರಶ್ನೆ ಕೇಳಿ. ಎಷ್ಟು ವಾರ ನನ್ನನ್ನು ಪಾಳಿಯ ಸ್ಟಾಫ್ ಎಣಿಕೆಗೆ ಸೇರಿಸದೆ ಇನ್ನೊಬ್ಬರ ಜೊತೆ ಹಾಕುತ್ತೀರಿ? ಕಲಿಸುವವರು ಯಾರು, ಅವರ ಪಾಳಿಯೂ ನನ್ನ ಪಾಳಿಯೂ ಒಂದೇನಾ? ಮೂರು ತಿಂಗಳಲ್ಲಿ ಹೊಂದದಿದ್ದರೆ ಹಳೇ ವಾರ್ಡಿಗೆ ಕಳಿಸುತ್ತೀರಾ? ಮೊದಲನೆಯದಕ್ಕೆ ‘ಮೂರನೇ ದಿನದಿಂದ ನಿಮ್ಮದೇ ಪೇಷಂಟ್’ ಎಂಬ ಉತ್ತರ ಬಂದರೆ ಎರಡನೆಯದನ್ನು ಕೇಳುವ ಅಗತ್ಯವಿಲ್ಲ. ಮೂರನೆಯದಕ್ಕೆ ‘ಹೂಂ’ ಎಂದರೆ ಅದನ್ನು ಅರ್ಜಿಯ ಮೇಲೆಯೇ ಬರೆಸಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ.