ಕಾಶ್ಮೀರದ ಸರೋವರ ಚಾರಣ: ಮೊದಲ ಪಾಸ್ ದಾಟುವ ಮುನ್ನ

ಎಲ್ಲರಿಗೂ ನಮಸ್ಕಾರ.

ಕಾಶ್ಮೀರ ಗ್ರೇಟ್ ಲೇಕ್ಸ್ ಚಾರಣದ ಫೋಟೊಗಳನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಅದರ ಚೆಲುವಿನ ಬಗ್ಗೆ ಎಷ್ಟು ಹೊಗಳಿದರೂ ಸಾಲದು, ಆದರೆ ಇವತ್ತು ಹೇಳಬೇಕಾದದ್ದು ಫೋಟೊದಲ್ಲಿ ಕಾಣದ ಸಂಗತಿ. ಈ ದಾರಿಯಲ್ಲಿ ಮೊದಲ ಪಾಸ್ (ಬೆಟ್ಟಸಾಲನ್ನು ದಾಟಿಸುವ ಎತ್ತರದ ಕಣಿವೆದಾರಿ) ದಾಟಿದ ಮೇಲೆ, ಮೈ ಹುಷಾರಿಲ್ಲವೆಂದರೆ ಸುಮ್ಮನೆ ಕೆಳಗಿಳಿದು ಬರಲು ಆಗುವುದಿಲ್ಲ.

ನಕ್ಷೆ ನೋಡಿದರೆ ಕಾರಣ ತಿಳಿಯುತ್ತದೆ. ಚಾರಣ ಶುರುವಾಗುವ ಸೋನ್‌ಮಾರ್ಗ್ ಸುಮಾರು 2,740 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಭೂರ್ಜ ಮರಗಳ ಕಾಡು ದಾಟಿ ನಿಚ್‌ನೈ ಶಿಬಿರ, ಮರುದಿನ ಸುಮಾರು 4,100 ಮೀಟರಿನ ನಿಚ್‌ನೈ ಪಾಸ್, ಆಚೆಗೆ 3,700 ಮೀಟರಿನ ಆಸುಪಾಸಿನಲ್ಲಿ ವಿಶನ್‌ಸರ್ ಸರೋವರ. ಆಮೇಲೆ ಕಿಶನ್‌ಸರ್ ಸರೋವರ, 4,200 ಮೀಟರಿನ ಗಡ್‌ಸರ್ ಪಾಸ್, ಗಡ್‌ಸರ್, ಸತ್ಸರ್, ಝಾಜ್ ಪಾಸ್, ಕೊನೆಗೆ ಹರ್‌ಮುಖ್ ಶಿಖರದ ಬುಡದಲ್ಲಿ ನಂದ್‌ಕೋಲ್ ಮತ್ತು ಗಂಗಬಲ್ ಸರೋವರಗಳು. ಇಳಿಯುವುದು ನಾರಾನಾಗ್‌ಗೆ. ಒಟ್ಟು 70 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಸಾಮಾನ್ಯವಾಗಿ ಏಳು ದಿನ.

ವಿಶನ್‌ಸರ್‌ನಲ್ಲಿ ಒಬ್ಬರಿಗೆ ಎತ್ತರದ ಕಾಯಿಲೆ (ತೆಳುಗಾಳಿಗೆ ಮೈ ಹೊಂದಿಕೊಳ್ಳದೆ ಬರುವ ತೊಂದರೆ) ಶುರುವಾಯಿತು ಎಂದಿಟ್ಟುಕೊಳ್ಳಿ. ಹಿಂದಕ್ಕೆ ಹೋಗಲು ನಿಚ್‌ನೈ ಪಾಸ್ ಹತ್ತಬೇಕು, ಮುಂದಕ್ಕೆ ಹೋಗಲು ಗಡ್‌ಸರ್ ಪಾಸ್. ನೀರು ಹರಿಯುವ ಕಡೆಗೆ ಇಳಿದರೆ ಅದು ಕಿಶನ್‌ಗಂಗಾ ಕಣಿವೆ. ಗುರೇಜ್ ಮೂಲಕ ನಿಯಂತ್ರಣ ರೇಖೆಯತ್ತ ಸಾಗುವ ಆ ಹಾದಿ ಚಾರಣಿಗರದ್ದಲ್ಲ. ಕೆಳಗಿಳಿಯುವುದೇ ಮದ್ದಾಗಿರುವ ಕಾಯಿಲೆಗೆ ಇಲ್ಲಿ ಮೊದಲು ಮೇಲೆ ಹತ್ತಬೇಕಾಗುತ್ತದೆ. ಅದಕ್ಕೇ ಮುಂದುವರಿಯಬೇಕೋ ಬೇಡವೋ ಎಂಬ ತೀರ್ಮಾನ ನಿಚ್‌ನೈ ಶಿಬಿರದ ರಾತ್ರಿಯೇ ಆಗಬೇಕು.

ನಮ್ಮ ಕಡೆಯವರಿಗೆ ಇದು ಇನ್ನೂ ಮುಖ್ಯ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಮಾತ್ರ. ಸೋನ್‌ಮಾರ್ಗ್‌ನ ಬಸ್ ನಿಲ್ಲುವ ಜಾಗವೇ ಅದಕ್ಕಿಂತ 800 ಮೀಟರ್ ಮೇಲಿದೆ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವರ ಕಾಲು ಗಟ್ಟಿಯಾಗಿರುತ್ತದೆ, ಸಂತೋಷ. ಆದರೆ ಗಡ್‌ಸರ್ ಪಾಸ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 60 ಮಾತ್ರ. ಅದಕ್ಕೆ ಹೊಂದಿಕೊಳ್ಳಲು ಮೈಗೆ ಬೇಕಾಗುವುದು ದಿನಗಳು, ಶಕ್ತಿಯಲ್ಲ. ಗಟ್ಟಿ ಮೈಯವರೇ ವೇಗವಾಗಿ ಹತ್ತಿ ಬೇಗ ಕಾಯಿಲೆ ಬೀಳುವುದುಂಟು.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು ಎನ್ನುವುದು ವೈದ್ಯರು ಒಪ್ಪಿದ ಲೆಕ್ಕ. ಸೋನ್‌ಮಾರ್ಗ್‌ನಲ್ಲಿ ಒಂದು ರಾತ್ರಿ ಮಾತ್ರ ಕಳೆದು ಹೊರಡುವವರಿಗೆ ಮೊದಲ ದಿನದ ಏರಿಕೆಯೇ ಹೆಚ್ಚಾಗುತ್ತದೆ. ಅಲ್ಲಿ ಎರಡು ರಾತ್ರಿ ಇರಿ. ವಿಶನ್‌ಸರ್‌ನಲ್ಲೂ ಒಂದು ದಿನ ವಿಶ್ರಾಂತಿ ಬೇಕೇಬೇಕು. ಅವತ್ತು ಕಿಶನ್‌ಸರ್‌ವರೆಗೆ ನಿಧಾನವಾಗಿ ಹತ್ತಿ ಇಳಿದು ಬಂದರೆ ಮರುದಿನದ ಪಾಸ್‌ಗೆ ಮೈ ಹದವಾಗುತ್ತದೆ. ದಿನ ಉಳಿಸಲೆಂದು ಈ ವಿಶ್ರಾಂತಿಯನ್ನೇ ಕತ್ತರಿಸುವ ತಂಡಗಳ ಜೊತೆ ದಯವಿಟ್ಟು ಹೋಗಬೇಡಿ.

ತಲೆನೋವಿನ ಜೊತೆಗೆ ವಾಕರಿಕೆ, ತೀರಾ ಸುಸ್ತು ಅಥವಾ ತಲೆ ತಿರುಗುವಿಕೆ ಇದ್ದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಬೇಕು. ಆ ಸ್ಥಿತಿಯಲ್ಲಿ ಮೇಲೆ ಹತ್ತಬಾರದು. ರಕ್ತದಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಒಯ್ಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ಬೆರಳು ತಣ್ಣಗಿದ್ದರೂ, ಉಗುರಿಗೆ ಬಣ್ಣ ಹಚ್ಚಿದ್ದರೂ ಅಂಕಿ ತಪ್ಪಾಗುತ್ತದೆ. 3,500 ಮೀಟರಿನಲ್ಲಿ ಶೇ 85ರಿಂದ 90 ತೋರಿಸುವುದು ಸಾಮಾನ್ಯ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಒಂದಿದೆ: ನೆಲದ ಮೇಲೆ ಹಗ್ಗ ಹಾಸಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನಡೆಯಲು ಹೇಳಿ. ಓಲಾಡಿದರೆ ಮೆದುಳಿನಲ್ಲಿ ಬಾವು ಶುರುವಾಗಿರಬಹುದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಗುರುತು. ಇವೆರಡರಲ್ಲೂ ಬೆಳಗಾಗಲೆಂದು ಕಾಯುವಂತಿಲ್ಲ. ಎತ್ತರದ ಕಾಯಿಲೆ ಬಾರದಂತೆ ತೆಗೆದುಕೊಳ್ಳುವ ಅಸೆಟಜೋಲಮೈಡ್ ಮಾತ್ರೆ 125 ಮಿಲಿಗ್ರಾಮ್ ದಿನಕ್ಕೆರಡು ಬಾರಿ, ಹತ್ತುವ ಹಿಂದಿನ ದಿನದಿಂದ ಎನ್ನುವುದು ವಾಡಿಕೆಯ ಪ್ರಮಾಣ. ಸಲ್ಫಾ ಔಷಧಗಳ ಅಲರ್ಜಿ ಇರುವವರು ಮೊದಲೇ ವೈದ್ಯರಿಗೆ ಹೇಳಬೇಕು. ಈ ಮಾತ್ರೆ ತಡೆಯಲು ನೆರವಾಗುತ್ತದೆ, ಕಾಯಿಲೆ ಇಟ್ಟುಕೊಂಡು ಮುಂದೆ ಹತ್ತಲು ಅಲ್ಲ.

ಕಾಲ ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಪೀರ್ ಪಂಜಾಲ್ ಶ್ರೇಣಿ ಮುಂಗಾರನ್ನು ಬಹುಮಟ್ಟಿಗೆ ತಡೆಯುವುದರಿಂದ, ನಮ್ಮ ಘಟ್ಟಗಳು ನೀರಲ್ಲಿ ಮುಳುಗಿರುವಾಗಲೂ ಅಲ್ಲಿ ನಡೆಯಬಹುದು. ಹಾಗೆಂದು ಮಳೆಯೇ ಇಲ್ಲವೆಂದಲ್ಲ. ಜುಲೈ ಮೊದಲ ವಾರಗಳಲ್ಲಿ ಪಾಸ್‌ಗಳ ಮೇಲೆ ಹಿಮ ಉಳಿದಿರುತ್ತದೆ. ತೊರೆಗಳನ್ನು ಬೆಳಿಗ್ಗೆಯೇ ದಾಟಿ. ಬಿಸಿಲೇರಿದಂತೆ ಹಿಮ ಕರಗಿ, ಮಧ್ಯಾಹ್ನದ ಹೊತ್ತಿಗೆ ಮೊಣಕಾಲುದ್ದದ ನೀರು ತೊಡೆ ಮುಟ್ಟಬಹುದು. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಲಿ, ಜಾರಿ ಬಿದ್ದರೆ ಬ್ಯಾಗ್ ಕಳಚಿಕೊಳ್ಳಲು ಬರಬೇಕು.

ಬೇಸಿಗೆಯಲ್ಲಿ ಬಕರ್ವಾಲರು ಕುರಿ ಮೇಯಿಸುವ ಹುಲ್ಲುಗಾವಲುಗಳಿವು. ನೀರು ಕನ್ನಡಿಯಂತೆ ಕಂಡರೂ ಕುದಿಸದೆ ಅಥವಾ ಕ್ಲೋರಿನ್ ಮಾತ್ರೆ ಹಾಕದೆ ಕುಡಿಯಬೇಡಿ. ಈ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ರೋಗಾಣು ಸಾಯಲು ಅಷ್ಟು ಸಾಕು, ಆದರೆ ಬೇಳೆ ಬೇಯುವುದಿಲ್ಲ, ಕುಕ್ಕರ್ ಬೇಕು.

ಶೂ ಬಗ್ಗೆ ಒಂದು ಮಾತು, ಏಕೆಂದರೆ ಇದು ಪದೇ ಪದೇ ಆಗುತ್ತದೆ. ನಾಲ್ಕೈದು ವರ್ಷ ಕಪಾಟಿನಲ್ಲಿಟ್ಟ ಶೂ ಹೊರಗಿನಿಂದ ಹೊಸದರಂತೆಯೇ ಇರುತ್ತದೆ. ಅಟ್ಟೆಯೊಳಗಿನ ಪಾಲಿಯುರೆಥೇನ್ ಪದರ ಮಾತ್ರ ತೇವಾಂಶ ಹೀರಿ ಒಳಗೊಳಗೇ ಪುಡಿಯಾಗಿರುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇನ್ನೂ ಬೇಗ. ಎರಡನೇ ದಿನಕ್ಕೆ ಅಟ್ಟೆ ಬಾಯಿ ಬಿಡುತ್ತದೆ. ಹೊರಡುವ ತಿಂಗಳ ಮುಂಚೆ ಅದೇ ಶೂ ಹಾಕಿ ನಾಲ್ಕಾರು ಸಲ ಬೆಟ್ಟ ಹತ್ತಿ, ಬಗ್ಗಿಸಿ ನೋಡಿ. ಗಟ್ಟಿ ದಾರ, ಅಂಟು ಬ್ಯಾಗಿನಲ್ಲಿರಲಿ.

ದಾರಿಯಲ್ಲಿ ಸೇನೆಯ ತಪಾಸಣೆ ಇರುತ್ತದೆ, ಮೂಲ ಗುರುತಿನ ಚೀಟಿ ಬೇಕು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ. ಭದ್ರತೆಯ ಕಾರಣಕ್ಕೆ ದಾರಿ ಮುಚ್ಚುವುದೂ ಉಂಟು. ವಿಮಾನದ ಟಿಕೆಟ್ ತೆಗೆಯುವ ಮೊದಲು ಆ ವರ್ಷ ಅನುಮತಿ ಇದೆಯೇ ಎಂದು ವಿಚಾರಿಸಿ.

ಗಂಗಬಲ್ ಕಾಶ್ಮೀರಿ ಪಂಡಿತರು ಅಸ್ಥಿ ವಿಸರ್ಜಿಸುವ ಪವಿತ್ರ ಸರೋವರ. ಅಲ್ಲಿ ಸೋಪು ಹಚ್ಚಿ ಮೈ ತೊಳೆಯುವುದು, ದಡದಲ್ಲಿ ಶೌಚಕ್ಕೆ ಕೂರುವುದು ಸಲ್ಲದು. ಯಾವ ಸರೋವರದಲ್ಲೂ ಸಲ್ಲದು. ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ, ಮುಚ್ಚಿ.

ಕೊನೆಯ ದಿನವನ್ನು ಹಗುರವಾಗಿ ಕಾಣಬೇಡಿ. ನಾರಾನಾಗ್‌ಗೆ ಒಂದೇ ದಿನದಲ್ಲಿ ಸುಮಾರು 1,300 ಮೀಟರ್ ಇಳಿಯಬೇಕು. ಮಂಡಿ ಹಿಡಿದುಕೊಳ್ಳುವುದು, ಹೆಬ್ಬೆರಳ ಉಗುರು ಕಪ್ಪಾಗುವುದು ಇಲ್ಲೇ. ಹಿಂದಿನ ರಾತ್ರಿ ಉಗುರು ಕತ್ತರಿಸಿಕೊಳ್ಳಿ, ಇಳಿಯುವ ಮುನ್ನ ಕಣಕಾಲಿನ ಹತ್ತಿರ ಲೇಸ್ ಬಿಗಿ ಮಾಡಿ, ಎರಡೂ ಊರುಗೋಲುಗಳನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ. ಶ್ರೀನಗರದಿಂದ ಅದೇ ಸಂಜೆಯ ವಿಮಾನ ಹಿಡಿಯುವ ಲೆಕ್ಕ ಬೇಡ, ಮರುದಿನದ್ದು ತೆಗೆದುಕೊಳ್ಳಿ.