ಲಿಂಕ್ ಸತ್ತಿದ್ದನೇ?

ಕೇಳುಗರಿಗೆ ನಮಸ್ಕಾರ.

ಗಾಂಧಿ ಬಜಾರಿನಲ್ಲಿ ಸಂಜೆ ಹೊತ್ತು ದರ್ಶಿನಿಯ ಎದುರು ಬೈಟು ಕಾಫಿ ಹಿಡಿದು ನಿಂತ ಹುಡುಗ ಹುಡುಗಿಯರ ಮಾತಿನಲ್ಲಿ ಕ್ರಿಕೆಟ್ಟು, ಸಿನಿಮಾ ಆದಮೇಲೆ ವಿಡಿಯೊ ಗೇಮಿನ ಸರದಿಯೂ ಬರುತ್ತದೆ. "ಲಿಂಕ್ ಸತ್ತೇ ಹೋಗಿದ್ದ ಕಣೋ" ಅಂತ ಒಬ್ಬ. "ಸುಮ್ನಿರೋ, ಸತ್ತಿದ್ರೆ ಮುಂದಿನ ಕಥೆ ಹೆಂಗೋ?" ಅಂತ ಇನ್ನೊಬ್ಬ. ಈ ಜಗಳದ ಮೂಲ, ನಿಂಟೆಂಡೊ ಕಂಪನಿ 2000ದಲ್ಲಿ ಹೊರತಂದ 'ದಿ ಲೆಜೆಂಡ್ ಆಫ್ ಜೆಲ್ಡಾ: ಮೇಜೋರಾಸ್ ಮಾಸ್ಕ್' ಎಂಬ ಆಟ. ಲಿಂಕ್ ಅದರ ನಾಯಕ.

ಕಥೆ ಇಷ್ಟು. ಮೇಜೋರಾ ಎಂಬ ಶಾಪಗ್ರಸ್ತ ಮುಖವಾಡ ತೊಟ್ಟ ಸ್ಕಲ್ ಕಿಡ್ ಎಂಬ ಕಾಡಿನ ತುಂಟ, ಚಂದ್ರನನ್ನೇ ಊರಿನ ಮೇಲೆ ಎಳೆದು ಬೀಳಿಸಲು ಹೊರಟಿದ್ದಾನೆ. ಉಳಿದಿರುವುದು ಮೂರೇ ದಿನ. ಬಾಲಕ ಲಿಂಕ್ ತನ್ನ ಕೊಳಲಿನಂಥ ವಾದ್ಯ ನುಡಿಸಿ ಮತ್ತೆ ಮತ್ತೆ ಮೊದಲ ದಿನಕ್ಕೆ ಮರಳುತ್ತಾ ಊರನ್ನು ಉಳಿಸಬೇಕು.

ಲಿಂಕ್ ಆರಂಭದಲ್ಲೇ ಸತ್ತಿದ್ದಾನೆ, ನಾವು ನೋಡುವುದೆಲ್ಲ ಅವನ ಆತ್ಮದ ಪಯಣ ಎನ್ನುವುದು ಅಭಿಮಾನಿಗಳ ವಾದ. ಅದಕ್ಕೆ ಅವರು ಆಧಾರ ಮಾಡಿಕೊಳ್ಳುವುದು ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ವಿವರಿಸಿದ, ಸಾವನ್ನು ಎದುರಿಸುವವರ ಮನಸ್ಸು ದಾಟುವ ಐದು ಹಂತಗಳನ್ನು: ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ. ಚಂದ್ರ ತಲೆಯ ಮೇಲೇ ಇದ್ದರೂ ಜಾತ್ರೆ ನಿಲ್ಲಕೂಡದು ಎಂದು ಹಟ ಹಿಡಿಯುವ ಬಡಗಿಗಳ ಯಜಮಾನ. ಮಗಳು ಕಾಣೆಯಾದ ಸಿಟ್ಟನ್ನು ಏನೂ ಮಾಡದ ಕೋತಿಯ ಮೇಲೆ ತೀರಿಸಿಕೊಳ್ಳುವ, ಡೆಕು ಎಂಬ ಮರದ ಮೈಯ ಪುಟ್ಟ ಜೀವಿಗಳ ರಾಜ. ನನ್ನನ್ನು ಬದುಕಿಸಿಕೊಡು ಎಂದು ಅಂಗಲಾಚುವ, ಗೋರಾನ್ ಎಂಬ ಬೆಟ್ಟದ ಜನರ ವೀರನ ಪ್ರೇತ. ದನಿ ಕಳೆದುಕೊಂಡು ಕಡಲನ್ನೇ ನೋಡುತ್ತಾ ನಿಂತ ಗಾಯಕಿ ಲುಲು. ಹೀಗೆ ಊರಿಗೊಂದು ಹಂತ.

ಹೊಂದಾಣಿಕೆ ಸೊಗಸಾಗಿದೆ, ಆದರೂ ನಾನು ಒಪ್ಪುವುದಿಲ್ಲ. ಹಿಂದಿನ ಆಟದ ಮುಖಗಳೇ ಇಲ್ಲಿ ಮತ್ತೆ ಕಾಣುವುದರಿಂದ ಇದು ಸಾಯುವವನ ಕನಸು ಎನ್ನುತ್ತಾರಲ್ಲ, ಅದಕ್ಕೆ ಕಾರಣ ಬೇರೆ. 1998ರ 'ಒಕರಿನಾ ಆಫ್ ಟೈಮ್' ಆದಮೇಲೆ ನಿರ್ದೇಶಕ ಐಜಿ ಆವೊನುಮಾ ಅವರ ತಂಡಕ್ಕೆ ನಿಂಟೆಂಡೊದ ಹಿರಿಯ ವಿನ್ಯಾಸಕ ಶಿಗೆರು ಮಿಯಾಮೊಟೊ ಒಂದೇ ವರ್ಷದಲ್ಲಿ ಹೊಸ ಆಟ ಮಾಡಿಕೊಡಿ ಎಂದಿದ್ದರು. ಅಷ್ಟು ಕಡಿಮೆ ಸಮಯದಲ್ಲಿ ಮುಗಿಸಲು ಹಳೆಯ ಪಾತ್ರಗಳ ರೂಪಗಳನ್ನೇ ಬಳಸಿಕೊಂಡರು. ಸಾಲದ್ದಕ್ಕೆ, 2011ರ ಕೊನೆಗೆ ಜಪಾನಿನಲ್ಲಿ ಬಂದ ಅಧಿಕೃತ ಪುಸ್ತಕ, ಇದೇ ಸರಣಿಯ 2006ರ 'ಟ್ವೈಲೈಟ್ ಪ್ರಿನ್ಸೆಸ್' ಆಟದಲ್ಲಿ ಕತ್ತಿವರಸೆ ಕಲಿಸುವ ಅಸ್ಥಿಪಂಜರದ ಯೋಧ ಇದೇ ಲಿಂಕ್ ಎಂದು ಹೇಳಿತು. ಅಂದರೆ ಹುಡುಗ ಬದುಕಿದ, ಬೆಳೆದ, ಕಲಿತದ್ದನ್ನು ಯಾರಿಗೂ ದಾಟಿಸಲಾಗದೆ ಕೊರಗಿದ. ನನಗೆ ಇದೇ ಹೆಚ್ಚು ಸಂಕಟದ ಕಥೆ.

ನಾನು ಮನಸಾರೆ ಒಪ್ಪುವ ವಾದ ಇನ್ನೊಂದಿದೆ. ಆಟದ ಶುರುವಿನಲ್ಲೇ ಸ್ಕಲ್ ಕಿಡ್ ಲಿಂಕ್‌ನನ್ನು ಮರದ ಮೈಯ ಡೆಕು ಜೀವಿಯಾಗಿ ಮಾರ್ಪಡಿಸುತ್ತಾನೆ. ಸ್ವಲ್ಪ ಮುಂದೆ ಹೋದರೆ ದಾರಿಯಲ್ಲಿ ತಿರುಚಿಕೊಂಡ ಒಂದು ಸಣ್ಣ ಮರ. ಅದಕ್ಕೊಂದು ಮುಖವಿದೆ. ಜೊತೆಗಿರುವ ಟ್ಯಾಟಲ್ ಎಂಬ ಕಿನ್ನರಿ, ಇದು ನಿನ್ನ ಹಾಗೇ ಕಾಣುತ್ತದೆ, ಈಗಲೋ ಆಗಲೋ ಅಳುವಂತಿದೆ ಎನ್ನುತ್ತಾಳೆ. ಎಷ್ಟೋ ಗಂಟೆ ಆಡಿದ ಮೇಲೆ ಡೆಕು ಅರಮನೆಯ ಮುದುಕ ಸೇವಕ ಲಿಂಕ್ ಜೊತೆ ಓಟದ ಪಂದ್ಯ ಕಟ್ಟಿ, ನಿನ್ನನ್ನು ಕಂಡರೆ ಮನೆಬಿಟ್ಟು ಹೋದ ನನ್ನ ಮಗ ನೆನಪಾಗುತ್ತಾನೆ ಎನ್ನುತ್ತಾನೆ. ಕೊನೆಗೆ ತೆರೆಯ ಮೇಲೆ ಹೆಸರುಗಳು ಓಡುವಾಗ, ಅದೇ ಮರದ ಮುಂದೆ ಆ ಮುದುಕ ಕುಸಿದು ಕುಳಿತಿದ್ದಾನೆ. ಒಂದು ಮಾತೂ ಇಲ್ಲ. ಇನ್ನೊಂದು ಸುಳಿವು ನೋಡಿ. ಲಿಂಕ್ ಮುಖವಾಡ ತೊಟ್ಟು ಬೇರೆ ಬೇರೆ ರೂಪ ತಾಳುತ್ತಾನೆ: ಗೋರಾನ್ ಮುಖವಾಡದಲ್ಲಿರುವುದು ಸತ್ತ ವೀರನ ಚೇತನ, ಜೋರಾ ಎಂಬ ನೀರಿನ ಜನರ ಮುಖವಾಡದಲ್ಲಿರುವುದು ಸತ್ತ ಗಿಟಾರ್ ವಾದಕನ ಚೇತನ. ಹಾಗಿದ್ದರೆ ಡೆಕು ಮುಖವಾಡದೊಳಗೆ ಇರುವವನು ಯಾರು? ಎಲ್ಲವನ್ನೂ ಜೋಡಿಸಿ ನೋಡಿದವರಿಗೆ ಉತ್ತರ ತಾನಾಗಿ ಹೊಳೆಯುತ್ತದೆ.

ನಮ್ಮ ಗಮಕ ಸಭೆಗಳಲ್ಲಿ ಗಮಕಿ ಪದ್ಯ ಹಾಡಿದ ಮೇಲೆ ವ್ಯಾಖ್ಯಾನಕಾರರು ಕವಿ ಹೇಳದೆ ಬಿಟ್ಟದ್ದನ್ನು ಬಿಡಿಸಿ ಹೇಳುತ್ತಾರೆ. ಒಳ್ಳೆಯವರು ಪದ್ಯ ಬಿಟ್ಟು ಆಚೆ ಹೋಗುವುದಿಲ್ಲ. ಆ ಮರದ ವಾದಕ್ಕೂ ಅಂಥದ್ದೇ ಶಿಸ್ತಿದೆ. ಐದು ಹಂತಗಳ ವಾದ ಹೊರಗಿನ ಚೌಕಟ್ಟನ್ನು ತಂದು ಆಟಕ್ಕೆ ಕೂರಿಸುತ್ತದೆ. ಇದು ಆಟದೊಳಗಿಂದಲೇ ಎದ್ದು ಬರುತ್ತದೆ.

ಈಗ ಗೆಳೆಯರ ನಡುವೆ ಬಿಸಿಯಾಗಿರುವ ಪ್ರಶ್ನೆ ಮುಖವಾಡದ ವ್ಯಾಪಾರಿಯದು. ಸದಾ ನಗುವ, ಎಲ್ಲ ಬಲ್ಲವನಂತೆ ಮಾತಾಡುವ, ಕೊನೆಗೆ ಇದ್ದಲ್ಲೇ ಮಾಯವಾಗುವ ಇವನು ದೇವರೇ ಇರಬೇಕು ಎಂದು ಹಲವರ ನಂಬಿಕೆ. ನನಗೆ ಹಾಗನ್ನಿಸುವುದಿಲ್ಲ. ಹಿಂದಿನ ಆಟದಲ್ಲಿ ಅವನು ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದವನು. ಈ ಆಟದಲ್ಲಿ ಸ್ಕಲ್ ಕಿಡ್ ಕಾಡಿನಲ್ಲಿ ಮೇಲೆ ಬಿದ್ದು ಅವನಿಂದಲೇ ಮುಖವಾಡ ಕದ್ದದ್ದು. ಅದನ್ನು ಮರಳಿ ತಂದುಕೊಡು ಎಂದು ಅವನು ಒಬ್ಬ ಹುಡುಗನ ಮುಂದೆ ಗೋಗರೆಯುತ್ತಾನೆ. ದೇವರಾಗಿದ್ದರೆ ತನ್ನ ಸಾಮಾನನ್ನು ತಾನೇ ಯಾಕೆ ತಂದುಕೊಳ್ಳಲಿಲ್ಲ? ದೇವರ ಪಕ್ಷದವರು ಮೊದಲು ಇದಕ್ಕೆ ಉತ್ತರ ಕೊಡಲಿ.

ನಮಸ್ಕಾರ.